ಜೊತೆಗೊಬ್ಬರಿಗೆ ಊಟ ಉಚಿತ

ಜನವರಿಯಲ್ಲಿ ಮಾಜಿ ಸೈನಿಕರ ದಿನ ಬಂತೆಂದರೆ ಮುಂಬಯಿಯ ಹೋಟೆಲುಗಳಿಗೆ ನಮ್ಮ ನೆನಪಾಗುತ್ತದೆ. ಮಾಟುಂಗದಲ್ಲಿ ಒಂದು ಕಡೆ ಇಡ್ಲಿ-ಕಾಫಿ, ಅಂಧೇರಿಯಲ್ಲಿ ಇನ್ನೊಂದು ಕಡೆ ಅರ್ಧ ಬೆಲೆಗೆ ಬಿರಿಯಾನಿ, ಮಾಲ್‌ಗಳಲ್ಲಿ ಐಸ್‌ಕ್ರೀಮು. ಮಾಜಿ ಸೈನಿಕರ ಕಾರ್ಡು ತೋರಿಸಿದರೆ ಆಯಿತು. ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು. ಪೆನ್ಷನ್ ಬರುವ ಮನುಷ್ಯ ಪುಕ್ಕಟೆ ಊಟಕ್ಕೆ ಸಾಲಿನಲ್ಲಿ ನಿಲ್ಲುವುದೇ ಎಂದು. ಆ ನಾಚಿಕೆ ಬಿಡಿಸಿದವಳು ನನ್ನ ಹೆಂಡತಿ ಜೈನಬ್. "ಸಾರೀ ಉಮರ್ ಠಂಡೀ ರೋಟಿ ಖಾಯೇ. ಅಬ್ ಕೋಯೀ ಗರಮ್ ದೇರೈಂ ತೋ ಖಾಲೇವ್‌ನಾ" ಎಂದಳು. ಜೀವಮಾನವಿಡೀ ತಣ್ಣನೆಯ ರೊಟ್ಟಿ ತಿಂದವನಿಗೆ ಯಾರಾದರೂ ಬಿಸಿಯದು ಕೊಟ್ಟರೆ ಬೇಡವೆನ್ನಬಾರದು ಎಂಬುದು ಅವಳ ವಾದ. ಆ ದಿನ ಅವಳೇ ನನ್ನ ಕೋಟಿಗೆ ಪದಕಗಳನ್ನು ಚುಚ್ಚಿ, ತಾನೂ ಒಳ್ಳೆಯ ಸೀರೆ ಉಟ್ಟು ಹೊರಡುತ್ತಿದ್ದಳು. ಅವಳು ತೀರಿಕೊಂಡು ನಾಲ್ಕು ವರ್ಷವಾಯಿತು.

ಈ ವರ್ಷ ನಮ್ಮ ಮಾಜಿ ಸೈನಿಕರ ವಾಟ್ಸ್ಆ್ಯಪ್ ಗುಂಪಿಗೆ ಘಾಟ್ಕೋಪರಿನ ಒಂದು ದೊಡ್ಡ ಹೋಟೆಲಿನ ಸಂದೇಶ ಬಂತು. ಪೂರ್ಣ ಥಾಲಿ ಊಟ, ಸೈನಿಕರಿಗೆ ಉಚಿತ, ಜೊತೆಗೆ ಬಂದ ಒಬ್ಬರಿಗೂ ಉಚಿತ. ಊಟದ ಬಣ್ಣಬಣ್ಣದ ಚಿತ್ರದ ಕೆಳಗೆ ಆ ಕೊನೆಯ ಮಾತು ಸಣ್ಣಕ್ಷರದಲ್ಲಿತ್ತು. ನನ್ನ ಕಣ್ಣು ಅಲ್ಲಿಗೇ ಹೋಗಿ ನಿಂತಿತು. ಜೊತೆಗೆ ಯಾರನ್ನು ಕರೆದೊಯ್ಯಲಿ?

ಗೋರೆಗಾಂವ್‌ನಲ್ಲಿ ನಮ್ಮದು ಹಳೆಯ ಕಾಲೊನಿ. ಮೇಲಿನ ಮನೆಯ ಗುಜರಾತಿ ಗೆಳೆಯನನ್ನು ಕೇಳಿದೆ. ಅಂದೇ ಸಂಕ್ರಾಂತಿ, ಪತಂಗ, ಅಂದರೆ ಗಾಳಿಪಟ, ಹಾರಿಸುವುದನ್ನು ಬಿಟ್ಟು ಸ್ವರ್ಗಕ್ಕೆ ಕರೆದರೂ ಬರುವುದಿಲ್ಲ ಎಂದ. ಮಾಲಾಡಿನಲ್ಲಿರುವ ತಂಗಿಯ ಮಗಳಿಗೆ ಫೋನ್ ಮಾಡಿದೆ. "ಮಾಮೂ, ಸಂಡೇ ಹೋತಾ ತೋ ಪಕ್ಕಾ ಆತೀ. ಆಫೀಸ್ ಹೈನಾ" ಎಂದಳು. ಅವಳ ತಪ್ಪಿಲ್ಲ. ಕೆಲಸದ ದಿನ ಮಧ್ಯಾಹ್ನ ಮುದುಕನ ಜೊತೆ ಊಟಕ್ಕೆ ಬರಲು ಈ ಊರಿನಲ್ಲಿ ಯಾರಿಗೆ ಪುರುಸೊತ್ತಿದೆ?

ನಮ್ಮ ವಿಜಯಪುರ ಜಿಲ್ಲೆಯಿಂದ ಈಗಲೂ ಹುಡುಗರು ಸೈನ್ಯಕ್ಕೆ ಸೇರುತ್ತಾರೆ. ಬೆಳಗಾಗುವ ಮೊದಲೇ ರಸ್ತೆಯ ಮೇಲೆ ಓಡಿ ಅಭ್ಯಾಸ ಮಾಡುತ್ತಾರೆ. ಬಂದೂಕಿನ ಕೆಲಸದ ಬಗ್ಗೆ ಅವರಿಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಮಾಡಿದ್ದು ತಂತಿಯ ಕೆಲಸ. ಸೈನ್ಯದ ಟೆಲಿಫೋನ್ ಲೈನ್‌ಮನ್. ಒಂದು ಠಾಣೆಯಿಂದ ಇನ್ನೊಂದು ಠಾಣೆಗೆ ಗುಡ್ಡ ಹತ್ತಿ ಇಳಿದು ತಂತಿ ಎಳೆಯುವುದು, ಅದು ಕಡಿದಲ್ಲಿ ಹೋಗಿ ಕೂಡಿಸುವುದು. ಈ ಕೆಲಸದ ಬಗ್ಗೆ ನನ್ನನ್ನು ಯಾರೂ ಕೇಳಿಲ್ಲ. ಆದರೂ ಹೇಳುತ್ತೇನೆ.

ಲೈನ್‌ಮನ್ ಯಾವಾಗಲೂ ಜೋಡಿಯಾಗಿ ಹೋಗಬೇಕು. ಒಬ್ಬನ ಬೆನ್ನ ಮೇಲೆ ತಂತಿಯ ಡ್ರಮ್ಮು, ಇನ್ನೊಬ್ಬನ ಕೈಯಲ್ಲಿ ಅದನ್ನು ಮರಕ್ಕೆ, ಬಂಡೆಗೆ ಕಟ್ಟುವ ಕೆಲಸ. ನನ್ನ ಜೋಡಿ ಶಿವಪ್ಪ ಬಿರಾದಾರ. ಅವನದು ಇಂಡಿ, ನನ್ನದು ಸಿಂದಗಿ. ದಸ್ತಗೀರ್ ಎಂಬ ನನ್ನ ಹೆಸರನ್ನು ಅವನು ಒಂದು ದಿನವೂ ಪೂರ್ತಿ ಕರೆಯಲಿಲ್ಲ. ದಸ್ತ್ಯಾ ಎಂದೇ ಶುರು, ದಸ್ತ್ಯಾ ಎಂದೇ ಮುಕ್ತಾಯ. ನಮ್ಮಿಬ್ಬರ ಮೇಲಿದ್ದವರು ಸುಬೇದಾರ್ ನೇಗಿ, ಗಡವಾಲದ ಗುಡ್ಡದ ಮನುಷ್ಯ. ಕುಳ್ಳಗೆ, ಮಾತು ಕಡಿಮೆ. ಲೈನು ಸತ್ತಿತೆಂದು ನಾವು ಬೈದಾಡುತ್ತ ನಿಂತರೆ "ತಾರ್ ಸೇ ನಾರಾಜ್ ಮತ್ ಹೋ. ಚಲೋ" ಎನ್ನುತ್ತಿದ್ದರು. ತಂತಿಯ ಮೇಲೆ ಸಿಟ್ಟು ಮಾಡಿಕೊಳ್ಳಬೇಡ, ನಡೆ. ಅಷ್ಟೇ ಅವರ ಪಾಠ.

ಸೇರಿದ ಹೊಸತರಲ್ಲಿ ನಾವಿಬ್ಬರೂ ಮಾಡಿದ ಒಂದು ಎಡವಟ್ಟು ಪಲ್ಟನ್ನಿನಲ್ಲಿ ಬಹಳ ಕಾಲ ನಗೆಯ ವಸ್ತುವಾಗಿತ್ತು. ಆಗಿನ ಎಕ್ಸ್‌ಚೇಂಜ್ ಎಂದರೆ ಒಂದು ಪೆಟ್ಟಿಗೆ. ಬಂದ ತಂತಿಗಳನ್ನೆಲ್ಲ ಅದರ ಬೆನ್ನಿಗೆ ಬಿಗಿಯಬೇಕು. ಹೊಸ ಜಾಗದಲ್ಲಿ ಅವಸರದಿಂದ ಬಿಗಿದಾಗ ಕಮಾಂಡಿಂಗ್ ಸಾಹೇಬರ ತಂತಿ ಅಡುಗೆಮನೆಯ ಜಾಗಕ್ಕೆ, ಅಡುಗೆಮನೆಯದು ಸಾಹೇಬರ ಜಾಗಕ್ಕೆ ಹೋಯಿತು. ಮಧ್ಯಾಹ್ನ ಮೇಲಿನ ಕಚೇರಿಯ ದೊಡ್ಡ ಅಧಿಕಾರಿಯೊಬ್ಬರು ನಮ್ಮ ಸಾಹೇಬರನ್ನು ಕೇಳಿ ಫೋನ್ ಮಾಡಿ "ಪೊಸಿಷನ್ ಬತಾವೋ" ಎಂದರಂತೆ, ಪಲ್ಟನ್ನಿನ ಸ್ಥಿತಿಗತಿ ಹೇಳೆಂದು. ಫೋನೆತ್ತಿದ ಅಡುಗೆಯವನು ಶಿಸ್ತಿನ ಮನುಷ್ಯ. "ಸಾಬ್, ದಾಲ್ ಚಢ್ ಗಯೀ ಹೈ, ಆಟಾ ಗೂಂಧ್ ರಹೇ ಹೈಂ" ಎಂದು ವರದಿ ಒಪ್ಪಿಸಿದ. ಬೇಳೆ ಒಲೆಯ ಮೇಲಿದೆ, ಹಿಟ್ಟು ನಾದುತ್ತಿದ್ದೇವೆ. ಅತ್ತ ನಮ್ಮ ಸಾಹೇಬರಿಗೆ ಬರೀ ಉಪ್ಪು, ಆಲೂಗಡ್ಡೆ ಕೇಳುವ ಕರೆಗಳು.

ಸುಬೇದಾರರು ನಮ್ಮಿಬ್ಬರಿಗೂ ಹೆಗಲ ಮೇಲೆ ಡ್ರಮ್ಮು ಹೊರಿಸಿ ಮೈದಾನ ಸುತ್ತಿಸಿದರು. ಸುತ್ತಿ ಬಿದ್ದುಕೊಂಡಿದ್ದಾಗ ತಾವೇ ಚಹಾ ತಂದರು. ಪ್ರತಿ ತಂತಿಯ ಎರಡೂ ತುದಿಗೆ ಚೀಟಿ ಕಟ್ಟಬೇಕು, ಒಬ್ಬ ಅದನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಅದನ್ನೇ ತಿರುಗಿ ಹೇಳಬೇಕು ಎಂದು ಅಂದು ಕಲಿಸಿದರು. ಈ ಕೆಲಸಕ್ಕೆ ಸೇರುವ ಹುಡುಗರೇ, ನಿಮ್ಮ ಯಂತ್ರ ಎಷ್ಟೇ ಹೊಸತಿರಲಿ, ಇದೊಂದನ್ನು ಬಿಡಬೇಡಿ. ನಿಮ್ಮ ಜೋಡಿ ತಿರುಗಿ ಹೇಳುವವರೆಗೆ ನೀವು ಓದಿದ್ದು ಸರಿಯೆಂದು ತಿಳಿಯಬೇಡಿ.

ಗಡಿಯ ಒಂದು ಹಳ್ಳಿಯ ಅಜ್ಜಿಯ ಸಂಗತಿಯನ್ನೂ ಹೇಳಬೇಕು. ಒಂದು ದಿನ ಲೈನು ಸತ್ತಿತು. ನಾನು, ಬಿರಾದಾರ ಅದರ ಗುಂಟ ನಡೆದೆವು. ಹಳ್ಳಿಯ ಅಂಚಿನಲ್ಲಿ ನೋಡಿದರೆ ತಂತಿಯ ಒಂದು ತುಂಡೇ ಮಾಯ. ಹತ್ತಿರದ ಮನೆಯ ಮುಂದೆ ಅದೇ ತಂತಿಯ ಮೇಲೆ ಕಂಬಳಿ, ಅಂಗಿ, ಮಕ್ಕಳ ಬಟ್ಟೆ ಒಣಗುತ್ತಿದ್ದವು. ಬಿರಾದಾರ ಸಿಟ್ಟಿನಲ್ಲಿ ಹಿಂದಿ ಮರೆತುಬಿಟ್ಟ.

"ಏ ಅಜ್ಜೀ, ಇದು ಸರ್ಕಾರದ್ದೈತಿ! ನಿನ್ನ ಅಂಗಿ ಒಣಗ್ಸಾಕ ತಂದದ್ದಲ್ಲಿದು!"

ಅಜ್ಜಿ ತನ್ನ ಭಾಷೆಯಲ್ಲಿ ಅಷ್ಟೇ ಜೋರಾಗಿ ಉತ್ತರ ಕೊಟ್ಟಳು. ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಇಬ್ಬರೂ ಬಹಳ ಹೊತ್ತು ಜಗಳವಾಡಿದರು. ಕೊನೆಗೆ ಅವಳೇ ಒಳಗೆ ಹೋಗಿ ಉಪ್ಪು ಹಾಕಿದ ಚಹಾ ತಂದಳು. ಬಿರಾದಾರ ತನ್ನ ಹಾಸಿಗೆ ಕಟ್ಟುವ ಹಗ್ಗ ಬಿಚ್ಚಿ ಅವಳ ಅಂಗಳದಲ್ಲಿ ಬಿಗಿದು, ಬಟ್ಟೆಗಳನ್ನೆಲ್ಲ ತಾನೇ ಅದರ ಮೇಲೆ ಹರವಿದ. ಆಮೇಲೆ ಆ ಚಳಿಗಾಲ ಪೂರ್ತಿ, ಹಿಮ ಬಿದ್ದು ತಂತಿ ನೆಲಕ್ಕೆ ಬಂದಾಗಲೆಲ್ಲ ಅಜ್ಜಿಯೇ ಅದನ್ನು ಎತ್ತಿ ಗಿಡದ ಮೇಲೆ ಹಾಕಿರುತ್ತಿದ್ದಳು. ದೂರದಿಂದ ನಮ್ಮನ್ನು ಕಂಡರೆ ಕೈ ಬೀಸುತ್ತಿದ್ದಳು. ಆ ಗುಡ್ಡದಲ್ಲಿ ನಮಗೆ ಕೈ ಬೀಸುವವರು ಅವಳೊಬ್ಬಳೇ.

ಕಂಬ ಹತ್ತಿ ತಂತಿಗೆ ಟೆಸ್ಟ್ ಫೋನ್ ಸಿಕ್ಕಿಸಿದಾಗ, ಆ ಲೈನಿನಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಅದು ನಮ್ಮ ಕಿವಿಗೆ ಬೀಳುತ್ತಿತ್ತು. ಬೇಕೆಂದು ಕೇಳಬಾರದು, ಆದರೆ ಕಿವಿಗೆ ಮುಚ್ಚಳವಿಲ್ಲವಲ್ಲ. ನಮ್ಮಲ್ಲಿ ಒಬ್ಬ ಮೇಜರ್ ಸಾಹೇಬರಿದ್ದರು. ಅವರು ಬಂದರೆಂದರೆ ಅಡುಗೆಮನೆಯ ನಾಯಿಯೂ ಎದ್ದು ನಿಲ್ಲುತ್ತಿತ್ತು. ಒಮ್ಮೆ ನಾನು ಕಂಬದ ಮೇಲೆ ಫೋನ್ ಸಿಕ್ಕಿಸಿದಾಗ ಅದೇ ಸಾಹೇಬರ ದನಿ ಆಡಿನಂತೆ ಕೂಗುತ್ತಿತ್ತು. ಆಮೇಲೆ ಬೆಕ್ಕಿನಂತೆ. ಆಮೇಲೆ ಹುಂಜದಂತೆ. ಆ ಕಡೆ ಒಂದು ಪುಟ್ಟ ಹುಡುಗಿ ನಗುತ್ತಿತ್ತು, "ಪಾಪಾ, ಔರ್ ಏಕ್" ಎನ್ನುತ್ತಿತ್ತು. ಮರುದಿನ ಬೆಳಗಿನ ಪರೇಡಿನಲ್ಲಿ ಅವರು ನನ್ನ ಬೂಟಿನ ಲಾಡಿ ಸಡಿಲವಾಗಿದೆಯೆಂದು ಕೆಂಡ ಕಾರುತ್ತಿದ್ದಾಗ ಮುಖ ಗಂಭೀರವಾಗಿಟ್ಟುಕೊಳ್ಳಲು ನಾನು ಪಟ್ಟ ಪಾಡು ಯಾವ ಕಂಬ ಹತ್ತುವಾಗಲೂ ಪಟ್ಟಿಲ್ಲ. ಬಿರಾದಾರನಿಗೂ ಅದನ್ನು ಹೇಳಲಿಲ್ಲ. ಕಿವಿಗೆ ಬಿದ್ದದ್ದನ್ನು ತಂತಿಯಲ್ಲೇ ಬಿಟ್ಟು ಬಾ ಎಂದು ಸುಬೇದಾರರು ಹೇಳಿದ್ದರು. ಆ ಮೇಜರ್ ಸಾಹೇಬರು ತೀರಿಹೋದ ಮೇಲೆ ಈಗ ಇಲ್ಲಿ ಬರೆಯುತ್ತಿದ್ದೇನೆ.

ಬೇರೆಯವರ ಸಂಸಾರದ ಮಾತನ್ನು ಗುಡ್ಡ ದಾಟಿಸುತ್ತಿದ್ದ ನನಗೆ ನನ್ನ ಸಂಸಾರದೊಂದಿಗೆ ಮಾತೇ ಇರಲಿಲ್ಲ. ನಮ್ಮೂರಿನಲ್ಲಿ ಫೋನ್ ಇದ್ದದ್ದು ಗೊಬ್ಬರದ ಅಂಗಡಿಯಲ್ಲಿ. ನಾನು ಮಾಡಿದರೆ ಅಂಗಡಿಯವರು ಆಳು ಕಳಿಸಿ ಜೈನಬ್‌ಳನ್ನು ಕರೆಸುತ್ತಿದ್ದರು. ಸುತ್ತ ಗೊಬ್ಬರಕ್ಕೆ ಬಂದ ಗಂಡಸರು ಕೂತಿರುವಾಗ ಅವಳು ಏನು ಹೇಳಿಯಾಳು? ಆರಾಮ ಇದ್ದೀನಿ, ಹೌದು, ಹೂಂ, ಇಡ್ತೀನಿ. ಇಷ್ಟೇ. ನಿವೃತ್ತನಾಗಿ ಗೋರೆಗಾಂವ್‌ನ ಒಂದು ಆಫೀಸಿನಲ್ಲಿ ಸೆಕ್ಯೂರಿಟಿ ಕೆಲಸ ಹಿಡಿದು, ಅವಳನ್ನು ಕರೆತಂದು ಒಂದೇ ಸೂರಿನಡಿ ಇರತೊಡಗಿದಾಗಲೂ ನಮ್ಮಿಬ್ಬರ ಮಾತು ಹಾಗೆಯೇ ಇತ್ತು. ಹೌದು, ಹೂಂ, ಊಟಕ್ಕೆ ಬನ್ನಿ. ಸರಿಯಾಗಿ ಕೂತು ಮಾತಾಡಲು ಕಲಿಯಲು ನಮಗೆ ವರ್ಷಗಳೇ ಬೇಕಾದವು. ಕಲಿತ ಮೇಲೆ ಹೆಚ್ಚು ದಿನ ಉಳಿದಿರಲಿಲ್ಲ. ಮಕ್ಕಳಾಗಲಿಲ್ಲ ನಮಗೆ.

ನಾನಿದ್ದಾಗಲೇ ಕೆಲಸದ ರೀತಿ ಬದಲಾಯಿತು. ಮೊದಲು ತಂತಿಯ ಮೇಲಿನ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ತೆಗೆಯುತ್ತಿದ್ದೆವು. ಹಾಗೆ ಮಾಡಬೇಡಿರೆಂದು ಹೇಳುತ್ತಿದ್ದ ಸುಬೇದಾರರ ಮುಂದಿನ ಹಲ್ಲೇ ಅರ್ಧ ಇರಲಿಲ್ಲ. ಬೆರಳು ಮರಗಟ್ಟಿದಾಗ ಬಗಲಿನಲ್ಲಿಟ್ಟು ಬಿಸಿ ಮಾಡಿಕೊಂಡು ಗಂಟು ಹಾಕುತ್ತಿದ್ದೆವು. ಆಮೇಲೆ ಕೂದಲಿಗಿಂತ ತೆಳ್ಳಗಿನ ಗಾಜಿನ ಎಳೆ ಬಂತು. ಅದನ್ನು ನೆಲದಲ್ಲಿ ಹೂಳಬೇಕು, ಕೂಡಿಸಲು ಧೂಳಿಲ್ಲದ ಡೇರೆ ಬೇಕು, ಯಂತ್ರ ಬೇಕು. ಯಂತ್ರದ ಪರದೆ ನೋಡಿ ಹೊಸ ಹುಡುಗರು ಚೆನ್ನಾಗಿ ಕೂಡಿಸುತ್ತಿದ್ದರು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ. ಕೊನೆಗೆ ಗುಡ್ಡದ ನೆತ್ತಿಗೆ ಮೊಬೈಲ್ ಟವರ್ ಬಂತು. ಮನೆಗೆ ಫೋನ್ ಮಾಡಲು ಜವಾನರು ಹಚ್ಚುತ್ತಿದ್ದ ಸಾಲು ಇಲ್ಲವಾಯಿತು. ಆ ಸಾಲಿನಲ್ಲಿ ನಿಂತೇ ಯಾರ ಎಮ್ಮೆ ಕರು ಹಾಕಿತು, ಯಾರ ತಂಗಿಗೆ ವರ ಗೊತ್ತಾಯಿತು ಎಂದು ಎಲ್ಲರಿಗೂ ತಿಳಿಯುತ್ತಿತ್ತು. ಈಗ ಒಬ್ಬೊಬ್ಬನೂ ತನ್ನ ರಗ್ಗಿನೊಳಗೆ ತನ್ನ ಪರದೆ. ಅದು ಕೆಟ್ಟದ್ದು ಎನ್ನುವುದಿಲ್ಲ. ಹುಟ್ಟಿದ ಮಗುವಿನ ಮುಖವನ್ನು ಅಪ್ಪ ಅಂದೇ ನೋಡುವಂತಾಯಿತು. ನನ್ನ ನೌಕರಿಯ ಕೊನೆಯ ದಿನಗಳು ಮಾತ್ರ, ಸುತ್ತಿಟ್ಟ ಹಳೆಯ ತಂತಿಯನ್ನು ಗೋದಾಮಿನಲ್ಲಿ ಕಾಯುವುದರಲ್ಲಿ ಕಳೆದವು.

ಬಿರಾದಾರ ನಿವೃತ್ತನಾದ ಮೇಲೆ ಘಾಟ್ಕೋಪರಿನಲ್ಲೇ ಬಹಳ ಕಾಲ ಇದ್ದ. ಈಗ ಊರಿಗೆ ಹೋಗಿದ್ದಾನೆ. ಕಿವಿ ಪೂರ್ತಿ ಹೋಗಿದೆ. ಈ ಸಲದ ಮಾಜಿ ಸೈನಿಕರ ದಿನ ಬೆಳಿಗ್ಗೆ ಅವನಿಗೆ ಫೋನ್ ಮಾಡಿದೆ. ಸೊಸೆ ಎತ್ತಿದಳು.

"ಕಾಕಾರ, ಮಾವಾರಿಗೆ ಈಗ ಏನೂ ಕೇಳಂಗಿಲ್ರಿ. ಕಿವಿ ಮಷಿನ್ ಹಾಕಿದ್ರ ಕಿತ್ತಿ ಒಗಿತಾರ."

"ದಸ್ತಗೀರ್ ಮಾಡ್ಯಾನ ಅಂತ ಅಷ್ಟ ಹೇಳವ್ವ. ಇವತ್ತ ಹೋಟೆಲಿಗೆ ಹೊಂಟಾನಂತ ಹೇಳು."

ಅವಳು ಅವನ ಕಿವಿಯ ಹತ್ತಿರ ಕಿರುಚುವುದು ಕೇಳಿಸಿತು. ಆಮೇಲೆ ಫೋನು ಕೈ ಬದಲಾಯಿತು.

"ದಸ್ತ್ಯಾ, ನನ್ನ ಪಾಲಿಂದೂ ನೀನ ಉಣ್ಣು. ನಾಚಬ್ಯಾಡ" ಎಂದು ಜೋರಾಗಿ ಹೇಳಿ, ನಾನು ಬಾಯಿ ತೆರೆಯುವ ಮೊದಲೇ ಫೋನು ಸೊಸೆಗೆ ಕೊಟ್ಟುಬಿಟ್ಟ. ಕೇಳಿಸುವುದೇ ಇಲ್ಲವಾದ ಮೇಲೆ ಹಿಡಿದುಕೊಂಡು ಮಾಡುವುದೇನು? ನಾನು ಸುಮ್ಮನೆ ಹೂಂ ಎಂದೆ.

ಒಬ್ಬನೇ ಹೊರಟೆ. ಪದಕಗಳನ್ನು ನಾನೇ ಚುಚ್ಚಿಕೊಂಡೆ, ಸ್ವಲ್ಪ ಸೊಟ್ಟಗೆ. ಅಂಧೇರಿಯವರೆಗೆ ಲೋಕಲ್, ಅಲ್ಲಿಂದ ಮೆಟ್ರೋ. ಘಾಟ್ಕೋಪರಿನ ಬಿಲ್ಡಿಂಗುಗಳ ಮೇಲೆಲ್ಲ ಜನ ಪತಂಗ ಹಾರಿಸುತ್ತ ಕೂಗಾಡುತ್ತಿದ್ದರು. ಹೋಟೆಲಿನ ಬಾಗಿಲಲ್ಲಿ ಬಲೂನು ಕಟ್ಟಿ, ನೆಲದ ಮೇಲೆ ಮೂರು ಬಣ್ಣದ ರಂಗೋಲಿ ಹಾಕಿದ್ದರು. ನನ್ನ ಮುಂದೆ ಸಾಲಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ನಿಂತಿದ್ದರು. ಇಳಕಲ್ ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಹಳೆಯ ಕಾರ್ಡು. ಬಾಗಿಲಲ್ಲಿ ಕಾರ್ಡು ನೋಡುತ್ತಿದ್ದ ಹುಡುಗಿ, ಫೋಟೋ ಬೇರೆಯವರದು ಎಂದು ಮೆಲ್ಲಗೆ ಹೇಳುತ್ತಿದ್ದಳು.

"ಆಂಟೀ, ಯೇ ಆಪ್ಕಾ ಕಾರ್ಡ್ ನಹೀ ಹೈ. ಫೋಟೋ ಕಿಸೀ ಔರ್ ಕಾ ಹೈ."

"ಮೇರಾ ಮಾಲಕ್ ಕಾ ಹೈ. ಮಿಲಿಟರಿ ಮೇ ಥಾ." ಮಾಲಕ್ ಎಂದರೆ ಗಂಡ.

"ತೋ ಅಂಕಲ್ ಕೋ ಲೇಕೆ ಆಯಿಯೇ ನಾ."

"ಅಂಕಲ್ ನಹೀ ಹೈ ಅಬ್" ಎಂದರು ಆ ಹೆಂಗಸು. ಹುಡುಗಿ ಕಾರ್ಡು ಹಿಂದಕ್ಕೆ ಕೊಟ್ಟಳು. ಆಫರ್ ಸೈನಿಕರಿಗೆ ಮಾತ್ರ ಎಂದು ಕಂಪ್ಯೂಟರ್ ಕಡೆ ಕೈ ತೋರಿಸಿದಳು. ಹೆಂಗಸು ಕಾರ್ಡನ್ನು ಸೆರಗಿನಿಂದ ಒರೆಸಿಕೊಂಡು, "ಹೋಗ್ಲಿ ಬಿಡು, ಇದರಾಗ ಏನೈತಿ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ತಿರುಗಿದರು.

ಆ ಮಾತು ಕೇಳಿದ್ದೇ ನಾನು ಮುಂದೆ ಹೋಗಿ ನನ್ನ ಕಾರ್ಡು ಇಟ್ಟೆ. "ಯೇ ಮೇರೇ ಸಾಥ್ ಹೈಂ" ಎಂದೆ. ಆಮೇಲೆ ಅವರಿಗೆ, "ಬರ್ರಿ ಅಕ್ಕಾರ. ನನ್ನ ಜೋಡಿ ಒಬ್ಬರಿಗೆ ಪುಕ್ಕಟೆ ಐತ್ರಿ. ನನಗ ಯಾರೂ ಸಿಕ್ಕಿಲ್ಲ."

ಅವರು ನನ್ನ ಮುಖ ನೋಡಿದರು, ಸೊಟ್ಟ ಪದಕ ನೋಡಿದರು. "ಯಾವೂರ್ರಿ ಅಣ್ಣಾರ?" ಎಂದರು. ಸಿಂದಗಿ ಎಂದೆ. ಹಾಗಾದರೆ ಸರಿ ಎಂಬಂತೆ ಚಪ್ಪಲಿ ಸರಿಪಡಿಸಿಕೊಂಡು ಒಳಗೆ ಬಂದರು.

ಸುಶೀಲಾಬಾಯಿ ಎಂದು ಅವರ ಹೆಸರು. ಅಥಣಿ ಕಡೆಯವರು, ಈಗ ಡೊಂಬಿವಲಿಯಲ್ಲಿ ಅಣ್ಣನ ಮಗನ ಮನೆಯಲ್ಲಿ ಇರುವುದು. ಸೈನಿಕರ ವಿಧವೆಗೆ ಕೊಡುವ ಬೇರೆ ಕಾರ್ಡು ನಿಮ್ಮ ಹತ್ತಿರ ಇಲ್ಲವೇ ಎಂದು ಕೇಳಿದೆ.

"ಐತ್ರಿ, ಮನ್ಯಾಗ. ಇವತ್ತಿನ ದಿನ ಅವರದಲ್ರಿ? ಅದಕ್ಕ ಅವರದ ತಂದೆ" ಎಂದು ಕಾರ್ಡನ್ನು ನೀರಿನ ಲೋಟಕ್ಕೆ ಒರಗಿಸಿ ನಿಲ್ಲಿಸಿದರು. ದಪ್ಪ ಮೀಸೆಯ, ದುಂಡು ಮುಖದ ಮನುಷ್ಯ. ತೀರಿಕೊಂಡು ಬಹಳ ವರ್ಷವಾಗಿಲ್ಲವಂತೆ.

ಥಾಲಿ ಬಂತು. ಸುತ್ತ ಮೊಮ್ಮಕ್ಕಳನ್ನು ಕಟ್ಟಿಕೊಂಡು ಬಂದ ಕರ್ನಲ್‌ಗಳು, ಗೆಳೆಯರ ಗುಂಪುಗಳು. ಮ್ಯಾನೇಜರ್ ಉಡುಪಿ ಕಡೆಯ ತರುಣ. ನಮ್ಮ ಕನ್ನಡ ಕೇಳಿ ಖುಷಿಯಾಗಿ ಮೊಬೈಲ್ ಹಿಡಿದು ಬಂದ.

"ಸರ್, ಒಂದು ಸಣ್ಣ ರೀಲ್ ಮಾಡುವ. ಯುದ್ಧದ್ದು ಎಂತಾದ್ರೂ ಹೇಳಿ. ಗನ್ ಎಲ್ಲ ಹಿಡಿದದ್ದು ಉಂಟಲ್ಲ?"

"ನಾನು ಟೆಲಿಫೋನ್ ಲೈನ್‌ಮನ್ ಇದ್ದೆನಪ್ಪ. ತಂತಿ ಎಳೀತಿದ್ದೆ. ಒಮ್ಮೆ ಏನಾತು ಅಂದ್ರ..."

ಅವನ ಕೈಯಲ್ಲಿದ್ದ ಮೊಬೈಲು ಸ್ವಲ್ಪ ಕೆಳಗಿಳಿಯಿತು. "ಓ. ಪರ್ವಾಗಿಲ್ಲ ಸರ್. ಒಂದು ಸೆಲ್ಯೂಟ್ ಮಾಡಿ, ಸಾಕು."

ಕೂತಲ್ಲೇ ಸೆಲ್ಯೂಟ್ ಮಾಡಿದೆ. ಅವನು ಥ್ಯಾಂಕ್ಸ್ ಹೇಳಿ ಕರ್ನಲ್ ಇದ್ದ ಟೇಬಲ್ಲಿಗೆ ಹೋದ. ಅವನನ್ನು ಬೈಯಲಾರೆ. ಅಜ್ಜಿ, ಬಟ್ಟೆ, ತಂತಿ, ಇದನ್ನೆಲ್ಲ ಯಾರು ನೋಡುತ್ತಾರೆ? ನಾನು ಪಲ್ಯ ಕಲಸಿಕೊಂಡು ಉಣ್ಣತೊಡಗಿದೆ. ಸುಶೀಲಾಬಾಯಿ ಮಾತ್ರ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡುತ್ತಿದ್ದರು.

"ನೀವು ಫೋನಿನವರ್ರಿ?"

"ಹೌದ್ರಿ."

"ಒಂದ್ ಮಾತು ಕೇಳ್ಲ್ಯಾ? ನಗಬಾರ್ದು ಮತ್ತ."

ಮದುವೆಯಾದ ಹೊಸತರ ಮಾತು. ಗಂಡ ಗಡಿಯಲ್ಲಿ. ಮನೆಯಲ್ಲಿ ಅತ್ತೆಯ ಕಾಟ, ಹೊಟ್ಟೆಗೂ ಸರಿಯಾಗಿ ಹಾಕುತ್ತಿರಲಿಲ್ಲ. ಒಂದು ದಿನ ಊರಿನ ಪೋಸ್ಟಾಫೀಸಿಗೆ ಗಂಡನ ಫೋನು ಬಂತು. ಅದೃಷ್ಟಕ್ಕೆ ಪೋಸ್ಟ್ ಮಾಸ್ತರರು ಹೊರಗೆ ಹೋದರು. ಇವರು ಧೈರ್ಯ ಮಾಡಿ ಹೇಳಿಬಿಟ್ಟರಂತೆ.

"ನನ್ನ ಕೈಲೆ ಇಲ್ಲಿ ಇರಾಕ ಆಗಂಗಿಲ್ಲ, ಬಂದು ಕರ್ಕೊಂಡು ಹೋಗ್ರಿ ಅಂದೆ. ಈ ಕಡಿಂದ ಅಷ್ಟ ಅಂದೆ ನೋಡ್ರಿ. ಆ ಕಡಿಂದ ಸುದ್ದೀನ ಇಲ್ಲ. ಹಲೋ ಅಂದೆ, ರೀ ಅಂದೆ. ಇಲ್ಲ. ಫೋನ್ ಇಟ್ಟಬಿಟ್ರು."

"ಇಟ್ರು ಅಂತ ನಿಮಗ ಹ್ಯಾಂಗ ಗೊತ್ತಾತ್ರಿ?"

"ಮತ್ತೇನ್ರಿ? ಆಮ್ಯಾಲೆ ಅದರಾಗ ಬ್ಯಾರೆ ಗಂಡಸು ಮಾತಾಡಾಕತ್ತ. ಅದೂ ಯಾವಾಕಿನೋ ಹೆಸರು ಹಿಡದು ಕರೀತಿದ್ದ. ಚಮೇಲಿ, ಹಲೋ ಚಮೇಲಿ, ಚಮೇಲಿ ಬೋಲೋ, ಅಂತ." ಅವರ ದನಿ ತಗ್ಗಿತು. "ಫೋನ್ ಇಟ್ಟು ಮನಿಗೆ ಬಂದೆ."

"ಅವರು ರಜಾಕ್ಕ ಬಂದಾಗ ಕೇಳ್ಲಿಲ್ಲ?"

"ಹ್ಯಾಂಗ ಕೇಳ್ಲಿ? ಅವರೂ ತಗೀಲಿಲ್ಲ. ಮನಷ್ಯಾ ಒಳ್ಳ್ಯಾವ್ರ ಇದ್ರು, ಸುಳ್ಳ ಹೇಳಬಾರ್ದು. ಆದ್ರ ಅವತ್ತಿನಿಂದ ನಾ ಅವರನ್ನ ಏನೂ ಕೇಳ್ಲಿಲ್ರಿ. ಒಂದ್ ಸೀರಿ ಬೇಕಂತ ಕೇಳ್ಲಿಲ್ಲ, ಒಂದ್ ಊರು ತೋರಸ್ರಿ ಅಂತ ಕೇಳ್ಲಿಲ್ಲ. ಒಮ್ಮಿ ಕೇಳಿದ್ದಕ್ಕ ಫೋನ್ ಇಟ್ಟವ್ರು ಅಂತ ಮನಸ್ಸಿನ್ಯಾಗ ಇತ್ತು. ಮತ್ತ ಆ ಚಮೇಲಿ ಯಾರು ಅಂತನೂ."

ನಾನು ತಟ್ಟೆ ಸ್ವಲ್ಪ ಪಕ್ಕಕ್ಕೆ ಸರಿಸಿದೆ. ನೀರು ಕುಡಿದೆ.

"ಅಕ್ಕಾರ," ಎಂದೆ, "ಚಮೇಲಿ ಹೆಂಗಸಲ್ರಿ."

ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

"ಅದು ಎಕ್ಸ್‌ಚೇಂಜಿನ ಹೆಸರು. ಯಾವ ಪಲ್ಟನ್ ಎಲ್ಲೈತಿ ಅಂತ ವೈರಿಗೆ ತಿಳೀಬಾರ್ದಲ್ರಿ? ಅದಕ್ಕ ಒಂದೊಂದು ಜಾಗಾಕ್ಕ ಒಂದೊಂದು ಸುಳ್ಳು ಹೆಸರು ಇಡ್ತಿದ್ರು. ಒಂದು ಚಮೇಲಿ, ಒಂದು ಪತ್ಥರ್, ಒಂದು ಹಾಥೀ. ನಿಮ್ಮ ಮಾಲಕ್ರು ಇದ್ದ ಠಾಣೆ ಚಮೇಲಿ ಇರಬೇಕು. ಕೆಳಗಿನ ಎಕ್ಸ್‌ಚೇಂಜಿನಾಗ ಕೂತ ಆಪರೇಟರ್ ಅದನ್ನ ಕರೀತಿದ್ದ."

"ಯಾಕ ಕರೀತಿದ್ದ?"

"ಚಮೇಲಿ ಮಾತಾಡ್ತಿದ್ದಿಲ್ಲ, ಅದಕ್ಕ. ನಿಮ್ಮವರು ಫೋನ್ ಇಟ್ಟಿದ್ರ ಚಮೇಲಿಯ ಆಪರೇಟರ್ ಓ ಅಂತಿದ್ದ. ಕರದರೂ ಓ ಅನ್ಲಿಲ್ಲ ಅಂದ್ರ ನಡುವ ಲೈನ್ ಕಡದಿತ್ತು. ಹಿಮಾ ಬಿದ್ದಿರಬೇಕು, ಇಲ್ಲಾ ಗುಡ್ಡಾ ಜರಿದಿರಬೇಕು. ನಿಮ್ಮವರೂ ಆ ಕಡೆ ಹಲೋ ಹಲೋ ಅಂತ ಒದರಿರಬೇಕ್ರಿ."

ಸುತ್ತ ತಟ್ಟೆಗಳ ಸದ್ದು, ಮಕ್ಕಳ ಗಲಾಟೆ. ಸುಶೀಲಾಬಾಯಿ ಕಾರ್ಡಿನ ಮೇಲಿನ ಫೋಟೋ ನೋಡುತ್ತಿದ್ದರು.

"ಅಂದ್ರ ಇವ್ರು ಇಟ್ಟಿದ್ದಿಲ್ಲ."

"ಇಟ್ಟಿದ್ದಿಲ್ರಿ."

"ನಾ ಅಂದದ್ದು ಇವರಿಗೆ ಕೇಳಿತ್ತೋ ಇಲ್ಲೋ?"

ಹೌದು ಎಂದಿದ್ದರೆ ಒಂದು ನೋವು, ಇಲ್ಲ ಎಂದಿದ್ದರೆ ಇನ್ನೊಂದು. ನನಗೆ ಗೊತ್ತಿಲ್ಲದ್ದನ್ನು ನಾನು ಹೇಳಲಾರೆ. "ಅದು ಮಾತ್ರ ನನಗ ಹೇಳಾಕ ಬರಂಗಿಲ್ಲ ಅಕ್ಕಾರ" ಎಂದೆ.

ಅವರು ಸೆರಗು ಮುಖಕ್ಕೆ ಒತ್ತಿಕೊಂಡರು. ನಾನು ಬೇರೆ ಕಡೆ ನೋಡುತ್ತ ಕೂತೆ. ಕರ್ನಲ್ ಸಾಹೇಬರ ಟೇಬಲ್ಲಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಸುಶೀಲಾಬಾಯಿ ಸೆರಗು ತೆಗೆದು ಕಾರ್ಡಿಗೆ ಹೇಳಿದರು, "ನೀವರ ಒಂದ್ ಮಾತು ತಗೀಬಾರದಿತ್ತೇನ್ರಿ, ಆಗ ಏನಂದಿ ಅಂತ?" ಬೈಗುಳದ ದನಿಯಲ್ಲೇ ಹೇಳಿದರು, ಎದುರಿಗೆ ಕೂತವರನ್ನು ಬೈಯುವ ಹಾಗೆ. ಆಮೇಲೆ ನನ್ನ ಕಡೆ ತಿರುಗಿ, "ಅಣ್ಣಾರ, ಎಳ್ಳಿನ ಹೋಳಿಗಿ ಭಾಳ ಚಲೋ ಆಗೇತಿ. ಇನ್ನೊಂದು ತರಾಕ ಹೇಳ್ರಿ" ಎಂದರು.

ಹೇಳಿದೆ. ಎರಡು ತಂದರು. ಎರಡನ್ನೂ ತುಪ್ಪ ಹಾಕಿಸಿಕೊಂಡು ತಿಂದರು.

ಹೊರಗೆ ಬಂದು ಸ್ಟೇಷನ್ನಿನವರೆಗೆ ಜೊತೆಯಲ್ಲೇ ನಡೆದೆವು. ಅವರ ಗಾಡಿ ಬಂತು. ಹೆಂಗಸರ ಡಬ್ಬಿಯ ನೂಕುನುಗ್ಗಲಿನಲ್ಲಿ ಹತ್ತುವಾಗ ಒಮ್ಮೆ ತಿರುಗಿ, "ಬರ್ತೀನ್ರಿ ಅಣ್ಣಾರ" ಎಂದರು. ಗಾಡಿ ಹೋದ ಮೇಲೆ ನೆನಪಾಯಿತು, ನಾನು ಅವರ ಫೋನ್ ನಂಬರ್ ಕೇಳಿರಲಿಲ್ಲ. ಅವರೂ ನನ್ನದನ್ನು ಕೇಳಿರಲಿಲ್ಲ. ಡೊಂಬಿವಲಿಯಲ್ಲಿ ಸುಶೀಲಾಬಾಯಿ ಎಂದು ಯಾರನ್ನು ಕೇಳುವುದು?

ಮೆಟ್ರೋದಲ್ಲಿ ನಿಂತು ಒಂದೇ ಯೋಚನೆ. ಅಂದು ಚಮೇಲಿಯ ಲೈನು ಕೂಡಿಸಲು ಹೋದವರು ಯಾರೋ ಇಬ್ಬರು ಇದ್ದೇ ಇರುತ್ತಾರೆ, ನನ್ನಂಥವನೊಬ್ಬ, ಬಿರಾದಾರನಂಥವನೊಬ್ಬ. ಕೂಡಿಸಿ, ಟೆಸ್ಟ್ ಮಾಡಿ, ಎಲ್ಲ ಸರಿಯಾಯಿತೆಂದು ಹೇಳಿ ಬಂದು ಚಹಾ ಕುಡಿದಿರುತ್ತಾರೆ. ಅಷ್ಟರಲ್ಲಿ ಅಥಣಿ ಕಡೆಯ ಒಂದು ಊರಿನಲ್ಲಿ ಒಬ್ಬ ಹುಡುಗಿ ಫೋನು ಇಟ್ಟು ಮನೆ ಸೇರಿಯಾಗಿತ್ತು. ಅವರ ತಪ್ಪೇನೂ ಇಲ್ಲ. ಆದರೂ ಈ ಕೆಲಸಕ್ಕೆ ಹೋಗುವ ಹುಡುಗರಿಗೆ ಇದು ಗೊತ್ತಿರಲಿ.

ಮನೆಗೆ ಬಂದು ಬೀಗ ತೆಗೆದೆ. ಕೋಟು ಬಿಚ್ಚಿ ಪದಕಗಳನ್ನು ತೆಗೆದಿಟ್ಟೆ. ಹೊರಗೆ ಪತಂಗದ ಗಲಾಟೆ ಇನ್ನೂ ನಡೆದಿತ್ತು. ಇಷ್ಟು ದೊಡ್ಡ ಸುದ್ದಿಯನ್ನು ಯಾರಿಗಾದರೂ ಹೇಳಬೇಕೆಂದು ಫೋನು ಕೈಗೆತ್ತಿಕೊಂಡೆ. ಬಿರಾದಾರನಿಗೆ ಕೇಳಿಸುವುದಿಲ್ಲ. ತಂಗಿಯ ಮಗಳು ಆಫೀಸಿನಲ್ಲಿರುತ್ತಾಳೆ. ಫೋನನ್ನು ಮೇಜಿನ ಮೇಲಿಟ್ಟು, ಇದನ್ನು ಬರೆಯಲು ಕೂತೆ.